ಗೋಲು ಹೊಡೆಯದ ಸೆಂಟರ್ ಫಾರ್ವರ್ಡ್

೧೯೬೦ರಲ್ಲಿ ನಾನು ಹುಬ್ಬಳ್ಳಿಯ ಒಂದು ಹತ್ತಿ ಗಿರಣಿಯ ಸ್ಪಿನ್ನಿಂಗ್ ಖಾತೆಯಲ್ಲಿ ಜಾಬರ್ ಆಗಿದ್ದೆ. ಜಾಬರ್ ಎಂದರೆ ಒಂದು ಪಾಳಿಯ ನೂಲುವವರ ಮೇಲಿನ ಮೇಸ್ತ್ರಿ. ಅದರ ಜೊತೆಗೆ ಗಿರಣಿಯ ಫುಟ್‌ಬಾಲ್ ತಂಡವನ್ನು ನೋಡಿಕೊಳ್ಳುವ ಕೆಲಸವೂ ನನ್ನ ಕೊರಳಿಗೆ ಬಿದ್ದಿತ್ತು. ಮೊದಲು ನಾನೂ ಹಿಂದೆ ನಿಂತು ತಡೆಯುವ ಫುಲ್ ಬ್ಯಾಕ್ ಆಗಿ ಆಡುತ್ತಿದ್ದವನು. ಮೊಣಕಾಲು ಕೈಕೊಟ್ಟ ಮೇಲೆ ಗೆರೆಯ ಆಚೆ ನಿಂತು ಕೂಗುವ ಕೆಲಸ ಸಿಕ್ಕಿತು. ಕೂಗುವುದರಲ್ಲಿ ನನ್ನದು ಎತ್ತಿದ ಕೈ ಎಂದು ಗಿರಣಿಯಲ್ಲಿ ಎಲ್ಲರೂ ಒಪ್ಪುತ್ತಿದ್ದರು.

ಆಗ ಫುಟ್‌ಬಾಲ್ ಆಡಿ ಹೊಟ್ಟೆ ತುಂಬಿಸಿಕೊಳ್ಳುವ ದಾರಿ ಒಂದೇ. ಗಿರಣಿಯವರೋ, ಸರಕಾರಿ ಖಾತೆಯವರೋ ಚೆನ್ನಾಗಿ ಆಡುವವನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಯಂತ್ರದ ಮುಂದೆ, ಸಂಜೆ ಮೈದಾನದಲ್ಲಿ. ನಮ್ಮ ಗಿರಣಿಯಲ್ಲಿ ಆಟಗಾರನನ್ನು ಒಮ್ಮೆಲೇ ಖಾಯಂ ಮಾಡುತ್ತಿರಲಿಲ್ಲ, ಮೊದಲು ‘ಬದಲಿ’ ಎಂದು ಇಟ್ಟುಕೊಳ್ಳುತ್ತಿದ್ದರು. ಬದಲಿಯವನು ದಿನಾ ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವ ಮುಂಚೆ ಗೇಟಿನ ಮುಂದೆ ನಿಲ್ಲಬೇಕು. ಖಾಯಂ ಕೆಲಸಗಾರ ಯಾರಾದರೂ ಬಾರದಿದ್ದರೆ ಅವನ ಜಾಗದಲ್ಲಿ ಆ ದಿನ ಕೆಲಸ, ಎಲ್ಲರೂ ಬಂದರೆ ತಿರುಗಿ ಮನೆಗೆ. ವರ್ಷಗಟ್ಟಲೆ ಹೀಗೆ ಗೇಟಿನಲ್ಲಿ ನಿಂತೇ ಕೂದಲು ನರೆಸಿಕೊಂಡವರನ್ನು ನಾನು ನೋಡಿದ್ದೇನೆ.

ಪರಸಪ್ಪ ಹಾಗೆ ಬದಲಿಯಾಗಿ ಬಂದವನು. ಊರು ಗೋಪನಕೊಪ್ಪ. ಅಪ್ಪ ಇರಲಿಲ್ಲ. ಅಣ್ಣ ಹತ್ತಿ ಮಾರುಕಟ್ಟೆಯಲ್ಲಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ಹೊರುತ್ತಿದ್ದ, ಅವನ ಬೆನ್ನು ಆಗಲೇ ಬಾಗಿತ್ತು. ತಂಗಿ ಸಾಲಿಗೆ ಹೋಗುತ್ತಿದ್ದಳು. ಪರಸಪ್ಪ ಖಾಯಂ ಆದರೆ ಆ ಮನೆಯಲ್ಲಿ ತಿಂಗಳ ಪಗಾರ ಕಂಡ ಮೊದಲನೆಯವನಾಗುತ್ತಿದ್ದ. ಆಗದಿದ್ದರೆ ಅಣ್ಣನ ಪಕ್ಕದಲ್ಲಿ ಅವನಿಗೂ ಒಂದು ಅಂಡಿಗೆ ಕಾದಿತ್ತು.

ಆಟ ಮಾತ್ರ ಏನೆಂದು ಹೇಳಲಿ! ಕಾಲಿಗೆ ಬರೀ ಒಂದು ಬಟ್ಟೆಯ ಪಟ್ಟಿ ಸುತ್ತಿಕೊಂಡು ಬರಿಗಾಲಲ್ಲಿ ಆಡುತ್ತಿದ್ದ. ಆಗ ಬಹಳ ಮಂದಿ ಹಾಗೇ ಆಡುತ್ತಿದ್ದರು. ಆದರೆ ಇವನ ಕಾಲ್ಬೆರಳುಗಳು ಕೈಬೆರಳಿನಷ್ಟು ಚುರುಕು. ಚೆಂಡಿನ ಕೆಳಗೆ ಬೆರಳು ತೂರಿಸಿ ಎದುರಿನವನ ತಲೆಯ ಮೇಲಿಂದ ಮೆಲ್ಲಗೆ ಎತ್ತಿಬಿಟ್ಟು, ಇವನು ಪಕ್ಕದಿಂದ ಓಡಿಹೋಗಿ ಮತ್ತೆ ಹಿಡಿಯುತ್ತಿದ್ದ. ಅದನ್ನು ನೋಡಲೆಂದೇ ಕಮರಿಪೇಟೆಯಿಂದ ಜನ ಅಂಗಡಿ ಮುಚ್ಚಿ ಬರುತ್ತಿದ್ದರು. ಸೆಂಟರ್ ಫಾರ್ವರ್ಡ್, ಅಂದರೆ ಮುಂಚೂಣಿಯ ನಡುವೆ ನಿಂತು ಗೋಲು ಹೊಡೆಯುವವನು, ಹೀಗಿರಬೇಕು ಎಂದು ನನಗೆ ಅನಿಸಿದ್ದು ಅವನನ್ನು ನೋಡಿಯೇ.

ಆ ವರ್ಷ ಮುಂಗಾರಿನ ಟೂರ್ನಮೆಂಟಿಗೆ ಮುಂಚೆ ನಡೆಸುವವರು ಹೊಸ ನಿಯಮ ಮಾಡಿದರು. ಎಲ್ಲ ಆಟಗಾರರೂ ಬೂಟು ಹಾಕಲೇಬೇಕು, ಬರಿಗಾಲಿನವರಿಗೆ ಮೈದಾನದಲ್ಲಿ ಜಾಗವಿಲ್ಲ. ನಿಯಮ ತಪ್ಪೇನಲ್ಲ. ಬೂಟಿನವರ ನಡುವೆ ಬರಿಗಾಲಿನವರು ಬೆರಳು ಮುರಿದುಕೊಂಡದ್ದನ್ನು ನಾನೇ ಕಂಡಿದ್ದೆ. ಆದರೆ ಪರಸಪ್ಪ ಅಲ್ಲಿಯ ತನಕ ಬೂಟಿಗೆ ಕಾಲು ಹಾಕಿದವನಲ್ಲ.

ಅದೇ ವಾರ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆಸಿದರು. ಅವರದು ಹತ್ತಿ ವ್ಯಾಪಾರದ ಮನೆತನ. ಒಂದು ಚಿಟಿಕೆ ಹತ್ತಿ ಎಳೆದು ನೋಡಿ ಅದರ ದರ ಹೇಳಬಲ್ಲವರು, ಅನ್ಯಾಯ ಮಾಡುವ ಮನುಷ್ಯರಲ್ಲ.

“ವೈಂಡಿಂಗ್ ಖಾತೇದಾಗ ಒಂದು ಖಾಯಂ ಜಾಗಾ ಖಾಲಿ ಅದರೀ. ಪರಸಪ್ಪಗ ಕೊಡಬೇಕಂತ ನೀವು ಭಾಳ ದಿನದಿಂದ ಹೇಳ್ಲಿಕ್ಕತ್ತೀರಿ. ಆಗಲಿ, ಟೂರ್ನಮೆಂಟ್ ಮುಗೀಲಿ. ಎಷ್ಟು ಗೋಲ ಹೊಡೀತಾನ ನೋಡಿ ಹೇಳ್ತೀನಿ” ಎಂದರು.

“ಬೂಟ ಹೊಸಾವು ಅದಾವ್ರಿ ಅವಂಗ. ಸ್ವಲ್ಪ ತಡಕೋಬೇಕಾಗ್ತೈತ್ರಿ” ಎಂದೆ.

“ನೂಲುವವ್ನಿಗೆ ನಾವು ನೂಲು ತೂಗೇ ಪಗಾರ ಕೊಡ್ತೀವಿ ಹೌದಲ್ಲೋ? ಸೆಂಟರ್ ಫಾರ್ವರ್ಡ್‌ಗೆ ಗೋಲೇ ತೂಕ.”

ಗಿರಣಿಯಲ್ಲಿ ಬೆಳೆದ ನನಗೂ ಆ ಮಾತು ಸರಿಯೆಂದೇ ಕಂಡಿತು. ಪಾಳಿ ಮುಗಿದ ಮೇಲೆ ನೂಲು ತಕ್ಕಡಿಗೆ ಹಾಕಿ ಕೆಲಸಗಾರನ ಬೆಲೆ ಕಟ್ಟುವುದು ನಮ್ಮ ರಕ್ತದಲ್ಲೇ ಇತ್ತು.

ಅಂದಿನ ಬೂಟು ಈಗಿನಂತೆ ಹಗುರ ಇರುತ್ತಿರಲಿಲ್ಲ. ಕಾಲಿನ ಹರಡು ಮುಚ್ಚುವಷ್ಟು ಎತ್ತರದ ದಪ್ಪ ತೊಗಲು, ಮುಂದೆ ಕಲ್ಲಿನಂಥ ತುದಿ, ಅಡಿಯಲ್ಲಿ ಮೊಳೆ ಹೊಡೆದು ಕೂರಿಸಿದ ತೊಗಲಿನ ಗುಬಟುಗಳು. ಪರಸಪ್ಪನ ಅಗಲ ಪಾದಕ್ಕೆ ಅಂಗಡಿಯ ಬೂಟು ಒಂದೂ ಹೊಂದದೆ ಹೇಳಿ ಮಾಡಿಸಬೇಕಾಯಿತು. ಹೊಸ ಬೂಟನ್ನು ನೀರಲ್ಲಿ ನೆನೆಹಾಕಿ, ಒದ್ದೆ ಇರುವಾಗಲೇ ಹಾಕಿಕೊಂಡು, ಕಾಲಿನ ಮೇಲೇ ಒಣಗಿಸುವುದು ಆಟಗಾರರ ಪದ್ಧತಿ. ಅವನು ಒದ್ದೆ ಬೂಟಿನಲ್ಲಿ ಗೋಪನಕೊಪ್ಪದಿಂದ ಉಣಕಲ್ ಕೆರೆಯ ತನಕ ನಡೆದುಹೋಗಿ ಬರುತ್ತಿದ್ದ. ದಾರಿಯಲ್ಲಿ ಮಂದಿ, “ಏನಪಾ ಪರಸಪ್ಪ, ಮಿಲ್ಟ್ರಿ ಸೇರಿದೇನು?” ಎಂದು ಕಾಲೆಳೆಯುತ್ತಿದ್ದರು.

ಹಿಮ್ಮಡಿಯ ಬೊಕ್ಕೆಗಳು ಒಡೆದು ಮಾಗಿದವು, ಆಟ ಮಾತ್ರ ಮರಳಲಿಲ್ಲ. ಬೂಟಿನೊಳಗೆ ಅವನ ಬೆರಳುಗಳು ಸೆರೆಯಾಗಿದ್ದವು. ಚೆಂಡು ಎತ್ತಲು ಹೋದರೆ ನೆಲ ಅಗೆಯುತ್ತಿದ್ದ, ಗೋಲಿಗೆ ಒದ್ದರೆ ಬೇವಿನ ಮರದ ಮೇಲೆ ಹೋಗುತ್ತಿತ್ತು. ಅಭ್ಯಾಸ ನೋಡಲು ಬಂದವರು ನಗತೊಡಗಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ನಗುವವರನ್ನು ಬೈದೆ, ಇವನನ್ನೂ ಬೈದೆ.

ಅವನು ಬೈಸಿಕೊಂಡು, ಕೂತು ಬೂಟಿನ ಲೇಸು ಸಡಿಲಿಸಿದ. ಆಮೇಲೆ, “ಅಣ್ಣಾರ, ಒಂದ ಮಾತು. ಚೆಂಡ ನನ್ನ ಮಾತ ಕೇಳವಲ್ದು, ಖರೇ. ಆದ್ರ ಎದುರಿನ ಮಂದಿ ಇನ್ನೂ ನನಗ ಹೆದರ್ತಾರ್ರಿ. ನಾ ಎತ್ತ ಓಡಿದ್ರ ಅತ್ತ ಇಬ್ರು ಬೆನ್ನ ಹತ್ತಾಕತ್ತಾರ. ನಾ ಅವರನ್ನ ಬದೀಗೆ ಕರಕೊಂಡ ಹೋದ್ರ ನಡುವ ಖಾಲಿ ಆಗ್ತೈತಿ. ಇಮಾಮಸಾಬ ಅಲ್ಲಿ ನುಗ್ಗಬಹುದಲ್ರಿ?” ಎಂದ.

ಇಮಾಮಸಾಬ ನಮ್ಮ ಇನ್‌ಸೈಡ್ ರೈಟ್, ಅಂದರೆ ಪರಸಪ್ಪನ ಬಲಕ್ಕೆ ಆಡುವವನು. ಕಾಲು ಗಟ್ಟಿ, ಬೂಟು ಅಭ್ಯಾಸವಿದ್ದವನು, ಮುಂಚಿನಿಂದಲೂ ಖಾಯಂ ಕೆಲಸಗಾರ. ಉಪಾಯ ಚೊಕ್ಕವಾಗಿತ್ತು. ಆದರೆ ನನ್ನ ತಲೆಯಲ್ಲಿ ಸಾಹೇಬರ ತಕ್ಕಡಿ ತೂಗಾಡುತ್ತಿತ್ತು.

“ಹುಚ್ಚ ಅದೀಯೇನಲೇ? ಹಂಗ ಆಡಿದ್ರ ಗೋಲ ಎಲ್ಲಾ ಅವನ ಹೆಸರಿಗೆ ಹೋಗ್ತಾವ. ನಿನ್ನ ನೌಕರಿ?”

“ಸೋತ್ರೂ ನೌಕರಿ ಇಲ್ಲಲ್ರಿ” ಎಂದು ಬೂಟಿನ ಲೇಸು ಬಿಗಿದುಕೊಂಡು ಎದ್ದ.

ಟೂರ್ನಮೆಂಟಿನಲ್ಲಿ ಹಾಗೇ ಆಡಿದೆವು. ಪರಸಪ್ಪ ಚೆಂಡು ಕೇಳುತ್ತ, ಕೈ ಎತ್ತುತ್ತ, ಈಗ ಹೊಡೆದೇಬಿಡುತ್ತಾನೆ ಎನ್ನುವಂತೆ ಅತ್ತಿತ್ತ ಓಡುತ್ತಿದ್ದ. ಎದುರಿನ ಬ್ಯಾಕುಗಳು ಅವನ ಹಿಂದೆ. ಇಮಾಮಸಾಬ ನಡುವೆ ನುಗ್ಗಿ ಗೋಲು. ಪಂದ್ಯದ ಮೇಲೆ ಪಂದ್ಯ ಗೆದ್ದೆವು. ಇಮಾಮಸಾಬನನ್ನು ಜನ ಹೆಗಲ ಮೇಲೆ ಹೊತ್ತು ಮೆರೆಸಿದರು. ಪರಸಪ್ಪನಿಗೆ ಸಿಕ್ಕಿದ್ದು ಸಿಳ್ಳೆ ಮತ್ತು “ಬೂಟಿನ ದೊರಿ ಬಂದ್ನೋ!” ಎಂಬ ಕೂಗು. ಅವನ ಬರಿಗಾಲಿಗೆ ಅಂಗಡಿ ಮುಚ್ಚಿ ಬರುತ್ತಿದ್ದವರೇ ಈಗ ಮೂಗು ಮುರಿದರು. ಅವನ ಅಣ್ಣ ಒಂದು ದಿನ ಆಟ ನೋಡಲು ಬಂದವನು, ಅರ್ಧಕ್ಕೇ ಎದ್ದುಹೋದ. ನೋಡಲಾಗಲಿಲ್ಲವೇನೋ.

ಫೈನಲ್ ಬೆಳಗಾವಿ ಕಡೆಯ ಒಂದು ತಂಡದ ಮೇಲೆ ಬಿತ್ತು. ಅವರ ಸ್ಟಾಪರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ಸೆಂಟರ್ ಫಾರ್ವರ್ಡ್‌ನನ್ನು ತಡೆಯುವವನು, ಅಂತೋನಿ ಎಂಬ ಆಳು. ಅವನನ್ನು ದಾಟಿ ಹೋದವರು ಕಡಿಮೆ. ಹಿಂದಿನ ದಿನ ಮಳೆಯಾಗಿ ಮೈದಾನ ರಾಡಿಯಾಗಿತ್ತು. ಸಾಹೇಬರು ಕುರ್ಚಿ ಹಾಕಿಸಿಕೊಂಡು ಮುಂದೆಯೇ ಕೂತಿದ್ದರು.

ಮೊದಲರ್ಧದಲ್ಲಿ ಪರಸಪ್ಪ ಬಲಗೆರೆಯ ಹತ್ತಿರ ಸರಿದ. ಅಂತೋನಿ ಒಂದು ಕ್ಷಣ ಹಿಂದುಮುಂದು ನೋಡಿ ಅವನ ಬೆನ್ನಿಗೆ ಹೋದ. ಅಷ್ಟೇ ಸಾಕಾಯಿತು. ನಮ್ಮ ಹಾಫ್ ಬ್ಯಾಕ್ ನಡುವೆ ಕೊಟ್ಟ ಚೆಂಡನ್ನು ಇಮಾಮಸಾಬ ಒಳಗೆ ಸೇರಿಸಿದ. ದ್ವಿತೀಯಾರ್ಧದಲ್ಲಿ ಅವರೂ ಒಂದು ಗೋಲು ಹೊಡೆದು ಸಮ ಮಾಡಿದರು. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು ಇರುವಾಗ ಅವರ ಬ್ಯಾಕೊಬ್ಬ ಗೋಲಿನ ಮುಂದೆ ಚೆಂಡಿಗೆ ಕೈ ತಾಗಿಸಿದ. ರೆಫರಿ ಪೆನಾಲ್ಟಿ ಕೊಟ್ಟರು. ಎದುರಿಗೆ ಗೋಲಿ, ಅಂದರೆ ಗೋಲು ಕಾಯುವವನು, ಒಬ್ಬನೇ, ಹೊಡೆಯುವವನು ಒಬ್ಬನೇ.

ನಾನು ಗೆರೆಯ ಮೇಲಿಂದ ಗಂಟಲು ಹರಿಯುವಂತೆ ಕೂಗಿದೆ: “ಪರಸಪ್ಪ ಹೊಡೀಲಿ!” ನಮ್ಮ ಕ್ಯಾಪ್ಟನ್ ಅವನ ಕೈಗೇ ಚೆಂಡು ಕೊಟ್ಟ. ಅದೊಂದು ಒಳಗೆ ಹೋದರೆ ಕಪ್ಪೂ ನಮ್ಮದು, ನೌಕರಿಯೂ ಅವನದು. ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು.

ಪರಸಪ್ಪ ಚೆಂಡು ಹಿಡಿದು ಗುರುತಿನ ತನಕ ನಡೆದ. ಅಂಗಿಯಿಂದ ಚೆಂಡಿನ ರಾಡಿ ಒರೆಸಿದ. ಒಮ್ಮೆ ಗೋಲಿನ ಕಡೆ, ಒಮ್ಮೆ ಬೂಟಿನ ಕಡೆ ನೋಡಿಕೊಂಡ. ಆಮೇಲೆ ತಿರುಗಿ ಚೆಂಡನ್ನು ಇಮಾಮಸಾಬನ ಕೈಗೆ ಕೊಟ್ಟು, “ನೀ ಹೊಡಿ” ಎಂದು ಪಕ್ಕಕ್ಕೆ ಸರಿದು ನಿಂತ. ನಾನು ತಲೆಯ ಟೊಪ್ಪಿಗೆ ತೆಗೆದು ನೆಲಕ್ಕೆ ಬಡಿದೆ. ಇಮಾಮಸಾಬ ಗೋಲಿಯ ಎಡಕ್ಕೆ ಗುಂಡು ಹೊಡೆದಂತೆ ಹೊಡೆದ. ಗೆದ್ದೆವು. ಎಲ್ಲರಿಗಿಂತ ಮೊದಲು ಓಡಿಬಂದು ಅವನನ್ನು ಅಪ್ಪಿಕೊಂಡವನು ಪರಸಪ್ಪನೇ.

ಪಂದ್ಯ ಮುಗಿದ ಮೇಲೆ ಎರಡೂ ತಂಡದವರಿಗೆ ಡೇರೆಯಲ್ಲಿ ಚಹಾ, ಗಿರಮಿಟ್ಟು, ಮಿರ್ಚಿ. ಸಾಹೇಬರು ಇಮಾಮಸಾಬನ ಬೆನ್ನು ತಟ್ಟಿದರು. ನಾನು ಪರಸಪ್ಪನ ವಿಷಯ ತೆಗೆದೆ.

“ಇಡೀ ಟೂರ್ನಮೆಂಟಿನಾಗ ಅವಂದು ಒಂದೂ ಗೋಲ ಇಲ್ಲಲ್ರಿ” ಎಂದರು ಸಾಹೇಬರು. “ಪೆನಾಲ್ಟಿ ಕೈಗೆ ಬಂದಿತ್ತು, ಅದನ್ನೂ ಬಿಟ್ಟ. ನಾ ಏನಂತ ಖಾಯಂ ಮಾಡ್ಲಿ?”

ನಾನು ವಾದ ಮಾಡಿದೆ, ದನಿ ಏರಿಸಿದೆ, ಸಾಹೇಬರ ಮುಂದೆ ಆಡಬಾರದ ಒಂದೆರಡು ಮಾತನ್ನೂ ಆಡಿದೆ. ಅವರು ಜಗ್ಗಲಿಲ್ಲ. ಪರಸಪ್ಪ ಡೇರೆಯ ಮೂಲೆಯಲ್ಲಿ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದ. ಅವನಿಗೆ ಎಲ್ಲ ಕೇಳಿಸುತ್ತಿತ್ತು.

ಆಗ ಅಂತೋನಿ ಕೈಯಲ್ಲಿ ಚಹಾದ ಬಸಿ ಹಿಡಿದುಕೊಂಡೇ ನಮ್ಮ ಹತ್ತಿರ ಬಂದ. “ಸಾಹೇಬ್ರ, ಸಿಟ್ಟ ಆಗಬ್ಯಾಡ್ರಿ, ಒಂದ ಕೇಳ್ತೇನಿ. ನಿಮ್ಮ ಸೆಂಟರ್ ಫಾರ್ವರ್ಡ್ ಖಾಯಂ ಇಲ್ಲೇನ್ರಿ?”

“ಇಲ್ಲ, ಬದಲಿ.”

“ಹಂಗಾರ ನಮಗ ಕೊಡ್ರಿ. ನಮ್ಮ ಸಾಹೇಬ್ರಿಗೆ ಹೇಳಿ ಬಂದ ದಿನಾನ ಖಾಯಂ ಮಾಡಸ್ತೇನಿ.”

ಸಾಹೇಬರು ನಕ್ಕರು. “ಅಂವಾ ನಿಮ್ಮ ಮ್ಯಾಲೆ ಏನ್ ಹೊಡದಾನಪ್ಪ?”

“ಏನೂ ಹೊಡೀಲಿಲ್ರಿ. ಆದ್ರ ಇವತ್ತ ನಾ ಎಲ್ಲಿ ನಿಂದರಬೇಕು ಅಂತ ನಮ್ಮ ಕ್ಯಾಪ್ಟನ್ ಹೇಳ್ಲಿಲ್ಲ, ನಿಮ್ಮ ಹುಡುಗ ಹೇಳಿದ. ಅಂವಾ ಎತ್ತ ಹೋದ, ನಾ ಅತ್ತ ಹೋದೆ. ಬಿಟ್ರ ಹೊಡೀತಾನ ಅಂತ ಹೆದರಿಕಿ. ಆ ಹೆದರಿಕ್ಯಾಗ ನಮ್ಮ ಮನಿ ಬಾಗಲಾ ನಾನ ತೆರದಿಟ್ಟೆ. ಇಂಥವನ ಎದುರು ಇನ್ನೊಮ್ಮೆ ಆಡೂದ ಬ್ಯಾಡ್ರಿ ನನಗ. ಬಾಜೂಕ ಇದ್ರ ಛಲೋ.”

ಸಾಹೇಬರು ಪರಸಪ್ಪನ ಕಡೆ ತಿರುಗಿ, ಹತ್ತಿಯ ಎಳೆ ಎಳೆದು ಪರೀಕ್ಷೆ ಮಾಡುವಾಗ ನೋಡುವಂತೆ, ಬಹಳ ಹೊತ್ತು ನೋಡಿದರು. ತಾವು ದರ ತಪ್ಪು ಕಟ್ಟಿದ್ದು ವ್ಯಾಪಾರಸ್ಥರಿಗೆ ಬೇಗ ತಿಳಿಯುತ್ತದೆ.

“ಕೊಡೂದಿಲ್ಲಪ್ಪ” ಎಂದರು ಅಂತೋನಿಗೆ. ಆಮೇಲೆ ನನಗೆ, “ಸೋಮವಾರ ಅವನ್ನ ಗೇಟಿನಾಗ ನಿಲ್ಲಸಬ್ಯಾಡ್ರಿ. ಸೀದಾ ವೈಂಡಿಂಗ್ ಖಾತೇಕ ಕಳಸ್ರಿ” ಎಂದರು. ಪರಸಪ್ಪ ಮೇಲೇಳಲು ಹೋಗಿ ಚಹಾದ ಬಸಿ ಉರುಳಿಸಿದ.

ಮರುವರ್ಷ ಬೂಟು ಅವನ ಮಾತು ಕೇಳತೊಡಗಿತು. ಬೆರಳಿನ ಆಟ ಹೋಯಿತು, ಆದರೆ ಹರಡಿನಿಂದ ಚೆಂಡು ತಿರುಗಿಸುವ ಬೇರೊಂದು ಆಟ ಕಲಿತ. ಅರವತ್ತರ ದಶಕದ ಕೊನೆಯ ತನಕ ನಮ್ಮ ಮುಂಚೂಣಿಯಲ್ಲಿ ಆಡಿ ಬೇಕಾದಷ್ಟು ಗೋಲು ಹೊಡೆದ. ತಂಗಿ ಓದು ಮುಗಿಸಿ ಸಾಲಿಯ ಟೀಚರಾದಳು. ಆದರೂ ಅವನ ದೊಡ್ಡ ಆಟ ಯಾವುದೆಂದು ಕೇಳಿದರೆ ನಾನು ಗೋಲಿಲ್ಲದ ಆ ಟೂರ್ನಮೆಂಟನ್ನೇ ಹೇಳುತ್ತೇನೆ. ಜಾಬರಿಕೆಯಲ್ಲಿ ಆಮೇಲೆ ಎಷ್ಟೋ ಮಂದಿಯ ಬೆಲೆ ಕಟ್ಟುವ ಪ್ರಸಂಗ ನನಗೂ ಬಂತು. ತಕ್ಕಡಿಯನ್ನು ಬಿಡಲಾಗುತ್ತಿರಲಿಲ್ಲ. ಆದರೆ ತೂಗುವ ಮುಂಚೆ ಆ ಕೆಲಸಗಾರನ ಪಕ್ಕದಲ್ಲಿ ದುಡಿದವನನ್ನು ಕರೆದು ಒಂದು ಮಾತು ಕೇಳುತ್ತಿದ್ದೆ. ಆ ಬುದ್ಧಿ ನನಗೆ ಕಲಿಸಿದವನು ಎದುರಾಳಿ ತಂಡದ ಬ್ಯಾಕ್.

ಪೆನಾಲ್ಟಿಯ ವಿಷಯ ಮಾತ್ರ ಬಹಳ ದಿನ ನನ್ನನ್ನು ಕೊರೆಯುತ್ತಿತ್ತು. ಪರಸಪ್ಪ ಆಟ ಬಿಟ್ಟ ವರ್ಷ ಒಂದು ಸಂಜೆ ನೇರವಾಗಿ ಕೇಳಿಯೇಬಿಟ್ಟೆ: ಕೈಗೆ ಬಂದದ್ದನ್ನು ಯಾಕೆ ಕೊಟ್ಟೆ, ನೌಕರಿಯ ಆಸೆ ಇರಲಿಲ್ಲವೇ?

“ಅಣ್ಣಾರ, ಭಾಳ ಆಶಾ ಇತ್ರಿ” ಎಂದ. “ಗುರುತಿನ ಮ್ಯಾಲ ಇಡಾಕ ಹೋದ್ರ ಕೈಯಾಗಿಂದು ಚೆಂಡಂತ ಕಾಣ್ಲೇ ಇಲ್ಲ, ನೌಕರೀನ ಕಂಡ್ತು. ನೌಕರಿ ಒದೀಬೇಕಂದ್ರ ಯಾರ ಕಾಲ ನಡಗೂದಿಲ್ಲ ಹೇಳ್ರಿ? ಇಮಾಮಗ ಅದು ಬರೇ ಚೆಂಡಾಗಿತ್ತು. ಅದಕ್ಕ ಅವಂಗ ಕೊಟ್ಟೆ.”