ಹೊಸಿಯತ್ ಕಚ್ಚಿದ ನಾನ್

ಹೊಸಿಯತ್ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಕೋಕಂದ್ ಪಟ್ಟಣದ ಹಳೆಯ ಓಣಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ರಸ್ತೆ ಅಗಲ ಮಾಡಬೇಕೆಂದು ಓಣಿಯನ್ನೇ ಕೆಡವಿ ಎಲ್ಲರನ್ನೂ ಈ ಕಟ್ಟಡಕ್ಕೆ ತಂದು ಹಾಕಿದಾಗ, ಮೂರನೆಯ ಮಹಡಿಯಲ್ಲಿ ನಮಗೆ ಎದುರುಬದುರು ಬಾಗಿಲು ಸಿಕ್ಕಿತು. ಇಬ್ಬರಿಗೂ ಮಂಡಿ ನೋವು. ಲಿಫ್ಟ್ ಇಲ್ಲ.

ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದ ಹೊಸಿಯತ್ ನಲವತ್ತನಾಲ್ಕು ವರ್ಷ ಅಂಗಳದ ತಂದೂರಿಗೆ ಬಗ್ಗಿ ಬಗ್ಗಿ ನಾನ್ ಬಡಿದಳು. ಮೊಣಕೈವರೆಗೂ ಸುಟ್ಟ ಕಲೆಗಳು. ಗಂಡ ತೀರಿಕೊಂಡು ಆರು ವರ್ಷವಾಯಿತು, ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆಯಲ್ಲಿದ್ದಾರೆ. ಉಳಿದದ್ದು ಅತ್ತೆ ಇನೊಬತ್, ಎಂಬತ್ತಾರು ವರ್ಷ, ಕಾಲು ಬಿದ್ದಿದೆ, ನಾಲಿಗೆ ಬಿದ್ದಿಲ್ಲ. ಇಷ್ಟು ವರ್ಷದಲ್ಲಿ ಸೊಸೆಯ ನಾನ್ ಚೆನ್ನಾಗಿದೆ ಎಂದು ಆ ಬಾಯಿಂದ ಒಂದು ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ. ಗೋಡೆಯಾಚೆ ಇದ್ದವಳು, ಬಂದಿದ್ದರೆ ಕೇಳಿಸುತ್ತಿತ್ತು.

ಹೊಸ ಮನೆಯಲ್ಲಿ ತಂದೂರು ಎಲ್ಲಿಂದ ಬರಬೇಕು? ಪೇಟೆಯಿಂದ ನಾನ್ ತಂದರೆ ಮುದುಕಿ ಮುಟ್ಟಲಿಲ್ಲ.

“ಯಾರ ಕೈಯದ್ದೋ ಏನೋ. ನನಗೆ ಚಹಾ ಸಾಕು,” ಎಂದು ಮೂರು ದಿನ ಚಹಾದಲ್ಲೇ ಕಳೆದಳು. ಹಟ ಎಂದರೆ ಹಟ.

ನಾಲ್ಕನೆಯ ದಿನ ಹೊಸಿಯತ್ ಪಲಾವಿನ ಕಬ್ಬಿಣದ ಬಾಣಲೆ ಒಲೆಗಿಟ್ಟಳು. ಹುಳಿ ಬಂದ ಹಿಟ್ಟನ್ನು ತಟ್ಟಿ, ನಡುವೆ ಅಚ್ಚಿನಿಂದ ಚುಚ್ಚಿ, ಎಳ್ಳು ಉದುರಿಸಿ, ಅಡಿಗೆ ಉಪ್ಪುನೀರು ಸವರಿ ಕಾದ ಬಾಣಲೆಯ ತಳಕ್ಕೆ ಅಂಟಿಸಿದಳು. ಮೇಲೆ ಗುಳ್ಳೆ ಎದ್ದ ಕೂಡಲೇ ಎರಡು ಬಟ್ಟೆಯಲ್ಲಿ ಹಿಡಿಕೆಗಳನ್ನು ಹಿಡಿದು ಬಾಣಲೆಯನ್ನೇ ಉರಿಯ ಮೇಲೆ ಬೋರಲು ಹಾಕಿದಳು. ನಾನ್ ಬೀಳಲಿಲ್ಲ. ಕೆಂಪಗೆ ಬೆಂದಿತು, ಥೇಟ್ ತಂದೂರಿನ ವಾಸನೆ ಮನೆಯಿಡೀ ತುಂಬಿತು.

ಆದರೆ ಅಡಿಗೆಮನೆ ಕಾಣುವ ಹಾಗೆಯೇ ಮುದುಕಿಯ ಹಾಸಿಗೆ. ನಮ್ಮಲ್ಲಿ ನಾನ್ ಬೋರಲು ಇಡುವಂತಿಲ್ಲ. ಮಗು ತಿಳಿಯದೆ ಇಟ್ಟರೂ ಕೈಮೇಲೆ ಏಟು ಬೀಳುತ್ತದೆ.

“ಬೋರಲು ಹಾಕಿದ್ಯಾ! ನಾನ್ ಬೋರಲು ಹಾಕಿದ್ಯಾ! ಮನೆ ಉದ್ಧಾರ ಆಗುತ್ತೇನೇ?” ಎಂದು ಗೋಡೆ ಕಡೆ ತಿರುಗಿದಳು.

ಹೊಸಿಯತ್ ಕೈಯ ಬಟ್ಟೆ ಕೆಳಗಿಟ್ಟಳು. ಗಟ್ಟಿಯಾಗಿಯೇನೂ ಮಾತಾಡಲಿಲ್ಲ. “ತಂದೂರಲ್ಲಿ ನಾನ್ ಮುಖ ಎಲ್ಲಿರುತ್ತೆ ಅತ್ತೆ? ಬೆಂಕಿ ಕಡೆಗೆ. ಇಲ್ಲೂ ಬೆಂಕಿ ಕಡೆಗೇ ಇದೆ. ಬೆಂಕಿ ಕೆಳಗಿದ್ರೆ ನಾನೇನು ಮಾಡ್ಲಿ?”

ಮುದುಕಿ ಈ ಕಡೆ ತಿರುಗಿದಳು. “ಬಾಯಿ ಬಂತಾ ನಿನಗೆ,” ಎಂದಳು. ಆಮೇಲೆ ಕೈ ಚಾಚಿದಳು.

ಅಲ್ಲಿಂದ ದಿನಾ ಬೆಳಿಗ್ಗೆ ನಾಲ್ಕು ನಾನ್. ತಂದೂರಿನಲ್ಲಿ ಒಮ್ಮೆಗೆ ಹನ್ನೆರಡು ಬೇಯುತ್ತಿದ್ದವು, ಬಾಣಲೆಯಲ್ಲಿ ಒಂದೊಂದೇ. ಆ ಭಾರವನ್ನು ಎತ್ತಿ ತಿರುಗಿಸಿ ಅವಳ ಮಣಿಕಟ್ಟು ಊದಿಕೊಂಡಿತು.

ಶರತ್ಕಾಲದಲ್ಲಿ ಮೊಹಲ್ಲಾ ಸಮಿತಿಯವರು ಹೊಸಿಯತ್‌ಗೆ ಒಂದು ಚೀಟಿ ತಂದುಕೊಟ್ಟರು. ಬೆಟ್ಟದ ಬುಡದ ಬಿಸಿನೀರಿನ ಆರೋಗ್ಯಧಾಮದಲ್ಲಿ ಹತ್ತು ದಿನ ಉಚಿತವಾಗಿ ಇರಲು. ಹಿಂದೆ ಎರಡು ಸಲ ಇಂಥದೇ ಚೀಟಿ ಬಂದಿತ್ತು, ಎರಡು ಸಲವೂ ಅವಳ ಬದಲು ಬೇರೆಯವರು ಹೋಗಿದ್ದರು.

“ಈ ಸಲ ನೀನು ಹೋಗದಿದ್ರೆ ನಾನು ನಿನ್ನ ಮಾತಾಡ್ಸಲ್ಲ ಅಕ್ಕ,” ಎಂದೆ. “ನಿಮ್ಮತ್ತೇನ ನಾನು ನೋಡ್ಕೋತೀನಿ.”

“ನಾನ್ ಯಾರು ಮಾಡ್ತಾರೆ?”

“ಕಲಿಸು.”

ಕಲಿಸಿದಳು. ನನ್ನ ಮೊದಲನೆಯ ನಾನ್ ಬೋರಲು ಹಾಕಿದ ಕೂಡಲೇ ದೊಪ್ಪನೆ ಒಲೆಯ ಮೇಲೆ ಬಿದ್ದು ಹೊತ್ತಿಕೊಂಡಿತು. ಎರಡನೆಯದೂ ಅಷ್ಟೆ. “ನೀರು ಜಾಸ್ತಿ ಆಯ್ತು ಮುಕದ್ದಸ್, ಸವರು ಅಂದ್ರೆ ಸ್ನಾನ ಮಾಡಿಸ್ತೀಯಲ್ಲ,” ಎಂದು ಹೊಸಿಯತ್ ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ. ವಾರದಲ್ಲಿ ನನಗೆ ಕೈ ಕುದುರಿತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನೇ ಮಾಡಿದ ನಾನ್ ಒಯ್ದು ಮುದುಕಿಯ ಮುಂದಿಟ್ಟೆ. ಅವಳು ತುದಿ ಮುರಿದು ಮೂಸಿ ನೋಡಿ ಬಟ್ಟೆಯ ಮೇಲೆ ವಾಪಸ್ಸಿಟ್ಟಳು.

“ಹೋಗೋಳು ಹೋಗ್ಲಿ. ನಾನು ಚಹಾ ಕುಡ್ಕೊಂಡಿರ್ತೀನಿ.”

ನನಗೆ ಮೈಯೆಲ್ಲ ಉರಿಯಿತು. ಹೊಸಿಯತ್ ಮಾತ್ರ ಕಟ್ಟಿಟ್ಟ ಚೀಲ ಬಿಚ್ಚಿ, ಮಡಿಸಿದ ಬಟ್ಟೆಗಳನ್ನು ಒಂದೊಂದೇ ಬೀರುವಿಗೆ ಇಡತೊಡಗಿದಳು. ಅರ್ಧ ಇಟ್ಟು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. “ನನಗೆ ಸುಸ್ತಾಗಿದೆ ಮುಕದ್ದಸ್. ಜಗಳಕ್ಕೂ ಶಕ್ತಿ ಇಲ್ಲ,” ಎಂದಳು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮುದುಕಿಯ ಮುಂದೆ ಹೋಗಿ ನಿಂತೆ.

“ಅಮ್ಮ, ನಿಮ್ಮ ಮನೆ ಗೋಡೆ ಮೇಲೆ ಎಷ್ಟು ನಾನ್ ತೂಗು ಹಾಕಿದ್ರಿ, ಲೆಕ್ಕ ಇದೆಯಾ?”

ನಮ್ಮಲ್ಲಿ ದೂರ ಹೋಗುವವರು ನಾನಿನ ಒಂದು ತುತ್ತು ಕಚ್ಚಿ ಹೋಗುತ್ತಾರೆ. ಉಳಿದದ್ದು ಅವರು ಬಂದು ತಿನ್ನುವವರೆಗೆ ಗೋಡೆಯ ಮೇಲಿರುತ್ತದೆ.

“ಯಾಕಿಲ್ಲ? ಇವಳ ಮೈದುನಂದಿರು ಇಬ್ಬರೂ ಸೈನ್ಯಕ್ಕೆ ಹೋದಾಗ. ನನ್ನ ಮಗ ಲಾರಿ ತಗೊಂಡು ಹೋದಾಗೆಲ್ಲ. ಮೊಮ್ಮಕ್ಕಳು ತಾಷ್ಕೆಂಟಿಗೆ ಓದೋಕೆ ಹೋದಾಗ.”

“ಮಾಡಿದ್ದು ಯಾರು?”

“ಸೊಸೆ. ಇನ್ಯಾರು?”

“ಅವಳ ಹೆಸರಿಗೆ ಎಷ್ಟು ಸಲ ಹಾಕಿದ್ರಿ?”

ಎಲ್ಲಿಗೂ ಹೋಗದವಳ ಹೆಸರಿಗೆ ಯಾರು ತೂಗು ಹಾಕುತ್ತಾರೆ? ನಾನು ಬಾಗಿಲು ಎಳೆದುಕೊಂಡು ಮನೆಗೆ ಬಂದೆ.

ಬೆಳಿಗ್ಗೆ ಎಂದಿನಂತೆ ವಾಸನೆ ಬಂತು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಹೋಗಿ ನೋಡಿದರೆ ಹೊಸಿಯತ್ ಹಳೆಯ ನಿಲುವಂಗಿಯಲ್ಲೇ ಬಾಣಲೆ ಉಜ್ಜುತ್ತಿದ್ದಳು.

“ಸೊಸೆ, ಇಲ್ಲಿ ಬಾ. ಒಂದು ನಾನ್ ತಗೊಂಡು ಬಾ,” ಎಂದು ಮುದುಕಿ ಕರೆದಳು. ಬಿಸಿ ನಾನ್ ಕೈಗೆ ಬಂದ ಮೇಲೆ ತಾನು ಮುರಿಯಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಸೊಸೆಯ ಬಾಯಿಯ ಹತ್ತಿರ ಒಯ್ದಳು.

“ಕಚ್ಚು.”

“ಯಾಕತ್ತೆ?”

“ಊರಿಗೆ ಹೋಗೋರು ಕಚ್ಚಲ್ವಾ? ಸಣ್ಣದಾಗಿ ಕಚ್ಚು. ಉಳಿದದ್ದು ಜಾಸ್ತಿ ಇದ್ರೆ ಬೇಗ ಬರ್ತೀಯ.”

ಹೊಸಿಯತ್ ಕಚ್ಚಿದಳು. ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಳು. ನಾನು ಮೊಳೆ ಹುಡುಕಿ ನಾನ್ ತೂಗು ಹಾಕಿದೆ, ಮುಖ ನಮ್ಮ ಕಡೆಗೆ.

ಹತ್ತು ದಿನವೂ ಮುದುಕಿ ನನ್ನ ನಾನ್ ತಿಂದಳು, ಹತ್ತು ದಿನವೂ ಬೈದಳು. ಉಪ್ಪಿಲ್ಲ, ಅಂಚು ಹಸಿ, ಇದು ನಾನಾ ಚಪ್ಪಲಿಯಾ. ಕಣ್ಣು ಮಾತ್ರ ಗೋಡೆಯ ಮೇಲೆ.

ಹನ್ನೊಂದನೆಯ ದಿನ ಹೊಸಿಯತ್ ಮೆಟ್ಟಿಲು ಹತ್ತಿ ಬಂದು, ಚೀಲ ಇಳಿಸಿ, ಕಲ್ಲಿನಂತಾಗಿದ್ದ ನಾನ್ ಇಳಿಸಿಕೊಂಡು ಚಹಾದಲ್ಲಿ ಅದ್ದಿ ಅದ್ದಿ ಪೂರ್ತಿ ತಿಂದಳು. ಅಷ್ಟೂ ಹೊತ್ತು ಮುದುಕಿ ರೆಪ್ಪೆ ಬಡಿಯಲಿಲ್ಲ.

“ಗಟ್ಟಿ ಆಗಿದೆಯಾ?”

“ಹೂಂ ಅತ್ತೆ.”

“ಬಿಸಿ ಇದ್ದಾಗ ಚೆನ್ನಾಗಿರುತ್ತೆ, ನೀನು ಮಾಡೋದು.”

ಹೊಸಿಯತ್ ಬಟ್ಟಲು ಹಿಡಿದುಕೊಂಡೇ ಅತ್ತೆಯ ಮುಖ ನೋಡಿದಳು. “ನಲವತ್ತನಾಲ್ಕು ವರ್ಷ ಬಿಸಿ ಬಿಸೀನೇ ಕೊಟ್ಟೆ ಅತ್ತೆ,” ಎಂದಳು. ಆಮೇಲೆ ಎದ್ದು, ತೋಳು ಮಡಚಿ, ಹಿಟ್ಟಿನ ಡಬ್ಬಿ ತೆಗೆದಳು.