ಕಾಲುವೆ ಏರಿಯ ಮೇಲೆ ಒಂದು ಜೀಪು

ಆಗಿನ್ನೂ ನಮ್ಮ ಕಡೆ ಕಾಲುವೆ ಇತ್ತು, ನೀರು ಇರಲಿಲ್ಲ. ಕಟ್ಟುವವರು ಕಟ್ಟಿ ಹೋಗಿದ್ದರು, ನೀರು ಬಿಡುವವರು ಇನ್ನೂ ಬಿಟ್ಟಿರಲಿಲ್ಲ. ಆ ನಡುವಿನ ಬೇಸಿಗೆಯನ್ನು ಕಾಲುವೆ ಕ್ಯಾಂಪುಗಳಲ್ಲಿ ಬೆಳೆದ ಯಾರೂ ಮರೆತಿರಲಾರರು. ಬಿಸಿಲಿಗೆ ಕಾದ ಸಿಮೆಂಟಿನ ವಾಸನೆ, ಮುಚ್ಚಿದ ಗೋದಾಮು, ಬೀಗ ಹಾಕಿದ ಕ್ವಾರ್ಟರ್ಸುಗಳ ಸಾಲು. ಆ ಸಾಲಿನ ಕೊನೆಯ ಮನೆಯಲ್ಲಿ ಅಪ್ಪ ಮತ್ತು ನಾನು ಇದ್ದೆವು.

ಶಹಾಪುರದಿಂದ ಡಾಂಬರು ರಸ್ತೆ ಬಿಟ್ಟು, ಕಾಲುವೆಯ ಏರಿಯ ಮೇಲಿನ ಮಣ್ಣಿನ ದಾರಿಯಲ್ಲಿ ಬಹುದೂರ ಒಳಗೆ ಬಂದರೆ ನಮ್ಮ ಕ್ಯಾಂಪು. ಕೆಲಸ ನಡೆಯುವಾಗ ಅಲ್ಲಿ ಏಳನೇ ಇಯತ್ತೆವರೆಗೆ ಶಾಲೆಯಿತ್ತು, ದಿನಸಿ ಅಂಗಡಿಯಿತ್ತು, ದೊಡ್ಡ ಮಕ್ಕಳನ್ನು ಶಹಾಪುರದ ಹೈಸ್ಕೂಲಿಗೆ ಒಯ್ದು ತರಲು ಇಲಾಖೆಯ ವ್ಯಾನು ಇತ್ತು. ಕೆಲಸ ಮುಗಿದಂತೆ ಒಂದೊಂದೇ ಮನೆಯವರು ಲಾರಿಗೆ ಸಾಮಾನು ಹೇರಿಕೊಂಡು ಹೋದರು. ಕೊನೆಗೆ ವ್ಯಾನೂ ಹೋಯಿತು. ಅಪ್ಪ ಮಾತ್ರ ಉಳಿದ, ಏಕೆಂದರೆ ಅವನಿಗೆ ಅಲ್ಲಿಯ ಉಪಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಅವ್ವ ನಾನು ತೀರ ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು.

ಆ ಬೇಸಿಗೆ ನಾನು ಒಬ್ಬಳೇ ಆಡುವುದನ್ನು ರೂಢಿ ಮಾಡಿಕೊಂಡೆ. ಖಾಲಿ ಮನೆಗಳ ಕಟ್ಟೆಗಳ ಮೇಲೆ ಇದ್ದಿಲಿನಿಂದ ಕುಂಟೆಬಿಲ್ಲೆಯ ಮನೆ ಬರೆದು, ಮೊದಲು ನನ್ನ ಆಟ ಆಡಿ, ಆಮೇಲೆ ಆ ಮನೆಯಲ್ಲಿದ್ದ ಹುಡುಗಿಯ ಆಟವನ್ನೂ ನಾನೇ ಆಡುತ್ತಿದ್ದೆ. ಅವಳ ಸರದಿಯಲ್ಲಿ ಅವಳು ಕುಂಟುವ ಹಾಗೆಯೇ ಕುಂಟುತ್ತಿದ್ದೆ. ಗೆಲ್ಲುವುದು ಹೆಚ್ಚಾಗಿ ಅವಳೇ. ಬೇಸರವಾದರೆ ಒಣ ಕಾಲುವೆಗೆ ಇಳಿದು ಸೇತುವೆಯ ಕೆಳಗೆ ಕೂರುತ್ತಿದ್ದೆ. ಹೊರಗೆ ಬೆಂಕಿ ಬಿದ್ದಿದ್ದರೂ ಅಲ್ಲಿ ತಣ್ಣಗಿರುತ್ತಿತ್ತು.

ನಾನು ಏಳನೇ ಇಯತ್ತೆ ಮುಗಿಸಿದ್ದೆ. ಮುಂದಿನದು ಶಹಾಪುರದಲ್ಲೇ ಆಗಬೇಕಿತ್ತು. ಅಪ್ಪನ ಬಳಿ ಒಂದು ಹಳೆಯ ಮೊಪೆಡ್ ಇತ್ತು, ಆದರೆ ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗೆ ಅದು ಏನೂ ಅಲ್ಲ. ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿ, ಗಾಡಿಯನ್ನು ಮನುಷ್ಯನೇ ಹೊರಬೇಕಾಗುತ್ತದೆ. ಯುಗಾದಿಗೆ ಸುರಪುರದಿಂದ ನನ್ನ ಸೋದರತ್ತೆ ಬಂದಳು. ಅಪ್ಪನ ಅಕ್ಕ. ಬೇವು ಬೆಲ್ಲದ ಬಟ್ಟಲು ಇನ್ನೂ ತೊಳೆದಿರಲಿಲ್ಲ, ಆಕೆ ಖಾಲಿ ಮನೆಗಳ ಸಾಲನ್ನು ನೋಡುತ್ತ ಬಾಗಿಲಲ್ಲೇ ಕೂತು ವಿಷಯ ತೆಗೆದಳು. ಹುಡುಗಿಯನ್ನು ತನ್ನ ಮನೆಗೆ ಕಳಿಸು, ಸುರಪುರದಲ್ಲೇ ಓದಲಿ ಎಂದಳು. ಗಾಡಿ ತರುತ್ತೇನೆ, ದಿನಾ ನಾನೇ ಬಿಟ್ಟು ಕರೆತರುತ್ತೇನೆ ಎಂದು ಅಪ್ಪ ಹೇಳಿದ. ಅದು ಅವನಿಗೂ ಆಗಷ್ಟೇ ಹೊಳೆದಂತೆ ಇತ್ತು. ಅತ್ತೆ ಹೇಳಿದಳು:

"ಆಯ್ತು ತಮ್ಮಾ. ಸಾಲಿ ಸುರು ಆಗೂದ್ರಾಗ ನಿನ್ನ ಗಾಡಿ ಓಡಿದ್ರ ಮಗಳು ನಿನ್ನ ಹತ್ರ. ಇಲ್ಲಂದ್ರ ನಾ ಕರಕೊಂಡು ಹೋಗಾಕಿ. ಮತ್ತ ಮಾತಿಲ್ಲ."

ಇಬ್ಬರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾನು ಏನೆನ್ನುತ್ತಿದ್ದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಪ್ಪನನ್ನು ಬಿಟ್ಟು ನಾನು ಒಂದು ರಾತ್ರಿಯೂ ಬೇರೆಡೆ ಮಲಗಿದವಳಲ್ಲ.

ಕಾಲುವೆ ಕೆಲಸಕ್ಕೆ ಓಡಿ ಸವೆದ ಜೀಪುಗಳನ್ನು ಆಗ ಹರಾಜು ಹಾಕುತ್ತಿದ್ದರು. ಒಂದಿಷ್ಟನ್ನು ಒಬ್ಬ ಗುಜರಿಯವನು ಒಟ್ಟಿಗೇ ಹಿಡಿದು ತನ್ನ ಅಂಗಡಿಯ ಹಿಂದೆ ನಿಲ್ಲಿಸಿದ್ದ. ಅಪ್ಪ ಮೊಪೆಡ್ ಮಾರಿ, ಕೂಡಿಟ್ಟದ್ದನ್ನು ಸೇರಿಸಿ ಅದರಲ್ಲೊಂದನ್ನು ಕೊಂಡ. ಇದ್ದುದರಲ್ಲಿ ಅಗ್ಗದ್ದು ಅದೇ. ಬಾನೆಟ್ಟಿನ ಮೇಲೆ ತುಕ್ಕು ತಿಂದು ತೂತುಗಳಾಗಿದ್ದವು, ಸೀಟುಗಳಲ್ಲಿ ಸ್ಪ್ರಿಂಗು ಮಾತ್ರ ಇತ್ತು, ಒಂದರೊಳಗೆ ಕೋಳಿ ಕಾವು ಕೂತಿತ್ತು. ಆದರೆ ಅದು ನಾಲ್ಕೂ ಚಕ್ರ ಎಳೆಯುವ ಜೀಪು. ಅಪ್ಪನಿಗೆ ಬೇಕಾಗಿದ್ದುದು ಅಷ್ಟೇ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಅದನ್ನು ಸುರಪುರ ರಸ್ತೆಯಲ್ಲಿದ್ದ ಮೌಲಾಸಾಬ್ ಮೇಸ್ತ್ರಿಯ ಗ್ಯಾರೇಜಿಗೆ ಎಳೆದು ತಂದೆವು. ಗ್ಯಾರೇಜೆಂದರೆ ಒಂದು ಬೇವಿನ ಮರ ಮತ್ತು ನಾಲ್ಕು ತಗಡು.

ರಜೆಯೆಲ್ಲ ಅಲ್ಲೇ ಕಳೆಯಿತು. ಬೆಳಿಗ್ಗೆ ಕಟಕು ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿಕೊಂಡು ಹೋಗುವುದು, ಸಂಜೆ ಬಸ್ಸಿಗೆ ಬಂದು ಏರಿಯ ಮೇಲೆ ನಡೆಯುವುದು. ಸೀಮೆಎಣ್ಣೆಯ ತಟ್ಟೆಯಲ್ಲಿ ನಟ್ಟು ಬೋಲ್ಟುಗಳನ್ನು ತೊಳೆದು ಗೋಣಿತಟ್ಟಿನ ಮೇಲೆ ಒಣಹಾಕುವ ಕೆಲಸ ನನ್ನದು. ಕೈಯ ವಾಸನೆ ಊಟಕ್ಕೆ ಕೂತಾಗಲೂ ಹೋಗುತ್ತಿರಲಿಲ್ಲ. ಹೊಸ ಸಾಮಾನು ತರುವ ಶಕ್ತಿ ಇರಲಿಲ್ಲ, ಆದ್ದರಿಂದ ಒಂದು ಸತ್ತ ಜೀಪಿನ ಬ್ರೇಕು ಇದಕ್ಕೆ ಬಂತು, ಇನ್ನೊಂದರ ರೇಡಿಯೇಟರು. ಸಿಮೆಂಟು ಗೋದಾಮಿನವರು ಎಸೆದುಹೋಗಿದ್ದ ತಾಡಪತ್ರಿಯನ್ನು ತೊಳೆದು ಮೇಲ್ಛಾವಣಿಗೆ ಹೊಲಿಸಿದೆವು. ಸೀಟುಗಳಿಗೆ ಹತ್ತಿ ತುಂಬಿ ದಬ್ಬಣದಿಂದ ನಾನೇ ಹೊಲಿದೆ. ಕೆಂಪು ಪ್ರೈಮರ್ ಬಳಿಯುವಷ್ಟರಲ್ಲಿ ಕೈ ಖಾಲಿಯಾಯಿತು. ಮೇಲಿನ ಬಣ್ಣ ಬೀಳಲೇ ಇಲ್ಲ.

ಎಂಜಿನ್ ಹತ್ತಿದ ದಿನ ಅಪ್ಪ ಮಿರ್ಚಿ ಭಜಿ ತರಿಸಿದ. ತಿನ್ನುವ ಮೊದಲೇ ಮೇಸ್ತ್ರಿ ಗಾಡಿಯ ಕೆಳಗೆ ತೂರಿ, ಬಹಳ ಹೊತ್ತು ಅಲ್ಲೇ ಇದ್ದು, ನಗುತ್ತ ಹೊರಬಂದ.

"ಮುಂದಿನ ಚಕ್ರಕ್ಕ ಹಾಕೂ ಸಣ್ಣ ಗೇರು ಅದ, ಮುಂದಿನ ಹೌಸಿಂಗ್ ಅದ, ನಡುವಿನ ಶಾಫ್ಟೇ ಇಲ್ಲಲ್ರೀ. ಇದು ಹೆಸರಿಗಷ್ಟೇ ನಾಕು ಚಕ್ರದ್ದು. ಎಳೆಯೂವು ಹಿಂದಿನವು ಎರಡೇ."

ಆ ಶಾಫ್ಟು ಎಲ್ಲಿ ಹೋಯಿತೆಂದು ಅಪ್ಪನಿಗೆ ತಕ್ಷಣ ಹೊಳೆಯಿತು. ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಆ ಕೊಳವೆಯನ್ನು ಬಿಚ್ಚಿಟ್ಟರೆ ಡೀಸೆಲ್ ಉಳಿಯುತ್ತದೆ ಎಂದು ಕ್ಯಾಂಪಿನ ಡ್ರೈವರುಗಳೆಲ್ಲ ನಂಬಿದ್ದರು. ಬಿಚ್ಚಿದ್ದನ್ನು ಯಾರೂ ಇಲಾಖೆಯಲ್ಲಿ ಇಡುತ್ತಿರಲಿಲ್ಲ, ಮನೆಗೆ ಒಯ್ಯುತ್ತಿದ್ದರು. ಈ ಜೀಪು ಓಡಿಸುತ್ತಿದ್ದವನು ಸಾಬಣ್ಣ, ನಿವೃತ್ತನಾಗಿ ವನದುರ್ಗದಲ್ಲಿದ್ದ. ಮರುದಿನವೇ ಅಪ್ಪ ಮತ್ತು ನಾನು ಬಸ್ಸು ಹತ್ತಿದೆವು. ಶಾಲೆ ಸುರುವಾಗಲು ಹೆಚ್ಚು ದಿನ ಉಳಿದಿರಲಿಲ್ಲ.

ಸಾಬಣ್ಣ ಹೊರಸಿನ ಮೇಲೆ ಕೂತು ನಮ್ಮ ಮಾತು ಕೇಳಿದ. ಅಂಗಳದ ಮೂಲೆಗೆ ಗದ್ದ ತಿರುಗಿಸಿದ. ಅಲ್ಲಿ ಒಂದು ಎಮ್ಮೆ ನಿಂತಿತ್ತು. ಅದನ್ನು ಕಟ್ಟಿದ್ದ ಗೂಟವೇ ನಮ್ಮ ಶಾಫ್ಟು. ಅರ್ಧ ನೆಲದೊಳಗೆ, ಅರ್ಧ ಹೊರಗೆ. ಮೇಲಿನ ಜಾಯಿಂಟಿನ ಕಣ್ಣಿನಲ್ಲಿ ಹಗ್ಗ ಪೋಣಿಸಿದ್ದರು. ಸಾಬಣ್ಣನ ಹೆಂಡತಿ ಮಲ್ಲಮ್ಮ ಒಳಗಿಂದ ಬಂದಳು.

"ಇಡೀ ಊರಾಗ ನನ್ನ ಎಮ್ಮಿ ಗೂಟಾನೇ ಕಂಡಿತೇನ್ರಿ ನಿಮಗ? ಮರದ ಗೂಟ ದಿನಾ ಒಂದು ಕೀಳ್ತಿತ್ತು ಇದು. ಇದೊಂದಕ್ಕ ಸುದ್ದ ನಿಂತದ."

"ಈ ಹುಡುಗಿ ಸಾಲಿಗೆ ಹೋಗಬೇಕಂತ" ಎಂದ ಸಾಬಣ್ಣ.

"ಹುಡುಗಿ ಸಾಲಿಗೂ ನನ್ನ ಎಮ್ಮಿಗೂ ಏನ ಸಂಬಂಧ?"

ಅಪ್ಪ ಸಂಬಂಧ ಹೇಳಿದ. ಹೇಳುವಾಗ ಅತ್ತೆಯ ಮಾತೂ ಬಂತು, ಅವ್ವ ಇಲ್ಲದ್ದೂ ಬಂತು. ಹೊರಗಿನವರ ಎದುರು ಅವನು ಅಷ್ಟು ಮಾತಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನಾನು ಎಮ್ಮೆಯನ್ನೇ ನೋಡುತ್ತ ನಿಂತೆ. ಮಲ್ಲಮ್ಮ ನನ್ನ ಜಡೆಯನ್ನು ಹಿಂದಿನಿಂದ ಎತ್ತಿ ನೋಡಿದಳು. ಅದನ್ನು ಅಪ್ಪನೇ ಹೆಣೆದಿದ್ದ, ಅದು ಕಾಣುವಂತೆಯೇ ಇತ್ತು. ಆಕೆ ಅದನ್ನು ಬಿಚ್ಚಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆಯುತ್ತ ಗಂಡನಿಗೆ ಹಾರೆ ತರಲು ಹೇಳಿದಳು. ಬದಲಿಗೆ ಒಂದು ಗಟ್ಟಿ ಸಲಾಕೆ ತಂದುಕೊಡಬೇಕೆಂದು ಅಪ್ಪನಿಂದ ಮಾತು ತೆಗೆದುಕೊಂಡಳು. ಅದನ್ನು ಅಪ್ಪ ಅದೇ ವಾರ ಕೊಟ್ಟುಬಂದ.

ಶಾಫ್ಟನ್ನು ಮೇಸ್ತ್ರಿ ಎಣ್ಣೆಯಲ್ಲಿ ನೆನೆಹಾಕಿ, ಸುತ್ತಿಗೆಯಿಂದ ಬಡಿದು, ಜಾಯಿಂಟಿನೊಳಗಿನ ತುಕ್ಕು ತಿಂದ ಕ್ರಾಸುಗಳನ್ನು ಬದಲಿಸಿದ. ಎಷ್ಟು ತೊಳೆದರೂ ಸಗಣಿಯ ವಾಸನೆ ಹೋಗಲಿಲ್ಲ. ಈ ಗಾಡಿ ಓಡದಿದ್ದರೂ ಹಾಲಾದರೂ ಕೊಡುತ್ತದೆ ಎಂದು ಅವನು ಬಂದವರಿಗೆಲ್ಲ ಹೇಳಿದ. ಶಾಲೆ ಸುರುವಾಗುವ ಹಿಂದಿನ ದಿನ ಜೀಪು ತನ್ನ ಕಾಲ ಮೇಲೆ ಕ್ಯಾಂಪಿಗೆ ಬಂತು. ಅಪ್ಪ ಅದನ್ನು ತಾನೇ ನಡೆಸಿಕೊಂಡು ಅತ್ತೆಗೆ ತೋರಿಸಲು ಸುರಪುರಕ್ಕೂ ಹೋಗಿಬಂದ. ಅತ್ತೆ ಟಯರಿಗೆ ನಿಂಬೆಹಣ್ಣು ಇಟ್ಟಳಂತೆ.

ಆಮೇಲಿನ ಕೆಲವು ವಾರಗಳನ್ನು ನಾನು ಈಗಲೂ ಯಾರೊಂದಿಗೂ ಹಂಚಿಕೊಳ್ಳುವುದಿಲ್ಲ. ಮೊದಲ ಮಳೆಗೆ ಎರೆ ಕಲಸಿದ ಹಿಟ್ಟಾಯಿತು. ಜೀಪು ಅಡ್ಡಡ್ಡ ಜಾರತೊಡಗಿದಾಗ ಅಪ್ಪ "ಹಾಕವ್ವಾ" ಎನ್ನುತ್ತಿದ್ದ, ನಾನು ಎರಡೂ ಕೈಯಿಂದ ಸಣ್ಣ ಗೇರು ಎಳೆಯುತ್ತಿದ್ದೆ. ಮುಂದಿನ ಚಕ್ರಗಳು ನೆಲ ಕಚ್ಚಿದ್ದು ಸೀಟಿಗೇ ತಿಳಿಯುತ್ತಿತ್ತು. ಅದರ ಹೊರತು ನಾವು ಮಾತಾಡುತ್ತಿದ್ದುದು ಕಡಿಮೆ. ಎಂಜಿನ್ ಸದ್ದಿನಲ್ಲಿ ಕೇಳಿಸುತ್ತಲೂ ಇರಲಿಲ್ಲ. ಮಲಗಿದ ಬುದ್ಧನಂತಿರುವ ಶಹಾಪುರದ ಗುಡ್ಡ ಕಾಣಿಸಿದಾಗ ನಾನು ಚೀಲ ತೊಡೆಯ ಮೇಲೆ ತೆಗೆದುಕೊಳ್ಳುತ್ತಿದ್ದೆ. ಕೆಂಪು ಜೀಪನ್ನು ನೋಡಿ ಶಾಲೆಯ ಹುಡುಗಿಯರು ಬೆಂಕಿ ಆರಿಸುವ ಗಾಡಿ ಬಂತೆಂದು ನಗುತ್ತಿದ್ದರು. ನನಗೆ ಗೆಳತಿಯರು ಆಗಲಿಲ್ಲ. ಅದರ ಚಿಂತೆಯೂ ಇರಲಿಲ್ಲ, ಸಂಜೆ ಗೇಟಿನ ಹತ್ತಿರ ಜೀಪು ಇರುತ್ತಿತ್ತು.

ಆಮೇಲೆ ಕಾಲುವೆಗೆ ನೀರು ಬಂತು.

ನಮ್ಮ ಉಪಕಾಲುವೆಗೆ ಅದೇ ಮೊದಲ ವರ್ಷ. ಹೆಂಗಸರು ಕುಂಕುಮ ಅರಿಸಿನ ಚೆಲ್ಲಿದರು, ಹುಡುಗರು ನೀರಿನ ತುದಿಯ ಜೊತೆ ಏರಿಯ ಮೇಲೆ ಓಡಿದರು. ಬೆಳಿಗ್ಗೆ ಗೇಟನ್ನು ಬೇಕಾದಷ್ಟು ಎತ್ತಿ ಕೀಲಿ ಹಾಕಿದರೆ ಸಂಜೆತನಕ ಅಲ್ಲಿ ಕೆಲಸವಿಲ್ಲ ಎಂದು ಅಪ್ಪ ಎಣಿಸಿದ್ದ. ಹೊಲಕ್ಕೆ ನೀರು ಹರಿಯುವುದನ್ನು ಅವನೂ ಮೊದಲ ಸಲ ನೋಡುತ್ತಿದ್ದ. ಆ ಸಲ ಮಳೆ ನಡುವೆ ಕೈಕೊಟ್ಟಿತು. ಅಪ್ಪ ನನ್ನನ್ನು ತರಲು ಹೋದ ಹೊತ್ತು ನೋಡಿ ಮೇಲ್ಗಡೆಯ ಹೊಲದವರು ಹಾರೆ ಹಾಕಿ ತಮ್ಮ ತೂಬುಗಳನ್ನು ಎತ್ತಿಕೊಂಡರು. ಕೆಳಗೆ ವಡಗೇರಾ ಕಡೆಯ ಹೊಲಗಳಿಗೆ ಹನಿಯೂ ಹೋಗಲಿಲ್ಲ. ಅಪ್ಪ ಒಬ್ಬನನ್ನು ಕಾಯಲು ಕೂರಿಸಿದ. ಅವನ ಹೊಲವೂ ಮೇಲ್ಗಡೆಯೇ ಇತ್ತು. ಇನ್ನೊಬ್ಬನನ್ನು ಕೂರಿಸಿದ. ಅವನು ಮೇಲ್ಗಡೆಯವರ ಅಳಿಯ.

ಒಂದು ಭಾನುವಾರ ಕೆಳಗಿನಿಂದ ಹಣಮವ್ವ ಎಂಬ ಮುದುಕಿ ಬಂದಳು. ಸೆರಗಿನಲ್ಲಿ ಒಣಗಿದ ಮೆಣಸಿನ ಸಸಿಗಳಿದ್ದವು. ಜಗಳಕ್ಕೆ ಬಂದಳೆಂದು ನಾನು ಒಳಗೆ ಸರಿದೆ. ಆಕೆ ಸಸಿಗಳನ್ನು ಕಟ್ಟೆಯ ಮೇಲೆ ಇಟ್ಟು ಪಕ್ಕದಲ್ಲಿ ಕೂತಳು.

"ಮಗಳನ್ನ ತರಾಕ ಹೋಗ್ತಿ, ತಮ್ಮಾ. ತಪ್ಪಂತ ನಾ ಅನ್ನಂಗಿಲ್ಲ. ನನಗೂ ಹೆಣ್ಮಕ್ಕಳು ಅದಾವ. ಆದರ ನೀ ಇಲ್ಲದಾಗ ನಮ್ಮ ನೀರು ಯಾರು ಕಾಯಬೇಕು ಹೇಳು."

ಅಪ್ಪ ಚಹಾ ಮಾಡಲು ನನ್ನನ್ನು ಕರೆದ. ಆಕೆ ಬಸಿಯಲ್ಲಿ ಸುರುವಿಕೊಂಡು ಕುಡಿದು, ಕಪ್ಪು-ಬಸಿ ತೊಳೆದಿಟ್ಟು, ನಡೆದುಕೊಂಡೇ ಹೋದಳು. ಸಸಿಗಳು ಕಟ್ಟೆಯ ಮೇಲೆಯೇ ಉಳಿದವು. ಅಪ್ಪ ಅವನ್ನು ಎತ್ತಿ ಎಸೆಯಲಿಲ್ಲ, ನೋಡಲೂ ಇಲ್ಲ. ನಾವು ಒಂದು ಬೇಸಿಗೆಯೆಲ್ಲ ಕೆಸರಿಗಾಗಿ ಸಿದ್ಧರಾಗಿದ್ದೆವು. ಕೆಸರನ್ನು ಗೆದ್ದಿದ್ದೆವು ಕೂಡ.

ಮರುದಿನ ಬೆಳಿಗ್ಗೆ ಅಪ್ಪ ಬಾನೆಟ್ ಎತ್ತಿ ಆಯಿಲ್ ನೋಡುತ್ತಿದ್ದ. ನಾನು ಹತ್ತಿರ ಹೋಗಿ ನಿಂತೆ.

"ಅಪ್ಪಾ, ನನ್ನ ಅತ್ತಿ ಮನಿಗಿ ಬಿಟ್ಟು ಬಾ."

ಅವನು ಕಡ್ಡಿಯನ್ನು ಒರೆಸಿ ಮತ್ತೆ ಒಳಗೆ ಹಾಕಿದ, ಮತ್ತೆ ತೆಗೆದ. ಬಾನೆಟ್ ಮುಚ್ಚಿ, "ರೊಟ್ಟಿ ತಿಂದು ಹೋಗೋಣು" ಎಂದ.

ಸುರಪುರದಲ್ಲಿ ಅತ್ತೆ ನನ್ನ ಟ್ರಂಕು ಒಳಗೆ ಇಟ್ಟಳು. ಉಂಡು ಹೋಗೆಂದು ತಮ್ಮನಿಗೆ ಹೇಳಿದಳು. ನೀರಿನ ಸರದಿಯಿದೆ ಎಂದು ಅವನು ನಿಲ್ಲಲಿಲ್ಲ. ನನ್ನ ತಲೆಯ ಮೇಲೆ ಕೈ ಇಟ್ಟ, ಕೈಯಲ್ಲಿ ಗ್ರೀಸು ಇರುವುದು ನೆನಪಾಗಿ ತೆಗೆದ. ನಾನು ಬಾಗಿಲವರೆಗೂ ಹೋಗಲಿಲ್ಲ, ಒಳಗೆ ಟ್ರಂಕಿನ ಮೇಲೆ ಕೂತು ಕೇಳಿದೆ. ಜೀಪು ಓಣಿಯ ಇಳಿಜಾರಿನಲ್ಲಿ ಎರಡನೇ ಗೇರಿಗೆ ಬಂತು. ತಿರುವಿನಲ್ಲಿ ನಿಂತಿತು. ಎಂಜಿನ್ ಆರಿಸಿರಲಿಲ್ಲ. ಅಷ್ಟು ಹೊತ್ತು ನಿಲ್ಲಲು ಆ ತಿರುವಿನಲ್ಲಿ ಏನೂ ಇಲ್ಲ. ಆಮೇಲೆ ಒಂದನೇ ಗೇರು ಬಿತ್ತು, ಎರಡು ಬಿತ್ತು, ಸಂತೆಯ ಸದ್ದು ಬಂದು ಅದನ್ನು ಮುಚ್ಚಿತು.

ನಾನು ಓದಿದೆ, ಚೆನ್ನಾಗಿಯೇ ಓದಿದೆ. ಕಲಬುರಗಿಯ ವಿಶ್ವವಿದ್ಯಾಲಯದವರೆಗೂ ಹೋದೆ. ನಾನು ಸುರಪುರಕ್ಕೆ ಬಂದ ವರ್ಷವೇ ಹಣಮವ್ವನ ಹೊಲಕ್ಕೆ ನೀರು ಮುಟ್ಟಿತೆಂದು ಅಪ್ಪ ದೀಪಾವಳಿಗೆ ಬಂದಾಗ ಹೇಳಿದ, ಬಸ್ಸಿನಲ್ಲಿ ಬಂದಿದ್ದ. ಜೀಪನ್ನು ಏನು ಮಾಡಿದೆಯೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಈಗ ಏರಿಯ ಮೇಲೆ ಡಾಂಬರು ಬಿದ್ದಿದೆ. ಯಾದಗಿರಿಯಿಂದ ಆ ಕಡೆ ಹೋಗಬೇಕಾದಾಗ ಕಾರಿನಲ್ಲಿ ಕೂತು ಒಂದು ಫೋನು ಮಾತಾಡಿ ಮುಗಿಸುವುದರೊಳಗೆ ಕ್ಯಾಂಪಿದ್ದ ಜಾಗ ದಾಟಿಹೋಗುತ್ತದೆ. ಅಲ್ಲಿ ಜಾಲಿ ಬೆಳೆದಿದೆ. ಆ ಫೋನಿನ ಆಚೆ ಹಲವು ಸಲ ಅಪ್ಪನೇ ಇರುತ್ತಾನೆ. ಊಟವಾಯಿತೇ, ಗುಳಿಗೆ ತಗೊಂಡೆಯಾ ಎಂದು ನಾನು ಕೇಳುತ್ತೇನೆ, ಅವನು ಹೇಳುತ್ತಾನೆ. ನಾವಿಬ್ಬರೂ ಈಗ ಬಹಳ ಮಾತಾಡುತ್ತೇವೆ. ಮಾತಾಡದೆ ಪಕ್ಕಪಕ್ಕ ಕೂತು ಹೋಗುವಷ್ಟು ಉದ್ದದ ದಾರಿ ನಮಗೆ ಮತ್ತೆ ಸಿಗಲಿಲ್ಲ.