ಹುಡೇದ ಕಲ್ಲು

ಕೆರೂರಿನ ಸಂತೆಗೆ ಹೋಗುವ ದಾರಿಯಲ್ಲಿ ನಮ್ಮೂರ ಗುಡ್ಡ ಕಾಣುತ್ತದೆ. ಅದರ ನೆತ್ತಿಯ ಮೇಲೆ ಈಗ ಏನೂ ಇಲ್ಲ. ಎಪ್ಪತ್ತರ ದಶಕದಲ್ಲಿ ಅಲ್ಲೊಂದು ದುಂಡನೆಯ ಕಾವಲು ಗೋಪುರವಿತ್ತು. ನಾವು ಹುಡೇ ಎನ್ನುತ್ತಿದ್ದೆವು. ಕುದುರೆ ಏರಿ ಲೂಟಿಗೆ ಬರುವವರನ್ನು ದೂರದಿಂದಲೇ ಕಂಡು ಹಲಗೆ ಬಾರಿಸಲಿಕ್ಕೆ ಕಟ್ಟಿದ್ದಂತೆ. ಕಟ್ಟಿಸಿದವರು ಯಾರೆಂದು ಕೇಳಿದರೆ ಹಿರಿಯರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಕೆಡವಿದವರು ಯಾರೆಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು.

ಲೂಟಿಯ ಕಾಲ ಮುಗಿದ ಮೇಲೂ ಊರಿಗೆ ಒಂದು ನಂಬಿಕೆ ಉಳಿದಿತ್ತು. ಹೊಸ ಮನೆ ಕಟ್ಟುವಾಗ ಹುಡೇದ ಕಲ್ಲೊಂದನ್ನು ತಂದು ಹೊಸ್ತಿಲ ಕೆಳಗೆ ಹೂಳಬೇಕು. ಊರು ಕಾದ ಕಲ್ಲು ಮನೆಯನ್ನೂ ಕಾಯುತ್ತದೆ. ಒಂದೇ ಕಲ್ಲು, ಎರಡು ತಂದರೆ ಕಳವು. ಎಂಥ ನಿಯತ್ತಿನ ಜನ! ಮೇಲೆ ಹತ್ತಿ ಕೀಳುವ ಕಷ್ಟ ಯಾರಿಗೆ ಬೇಕು, ಎಲ್ಲರೂ ಬುಡದಿಂದಲೇ ಕಿತ್ತರು. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಜೋಳ ಕೂಡಿಡುವಾಗ ಎಲ್ಲರಿಗೂ ನೆನಪಾಗುತ್ತಿತ್ತು, ಗುಡ್ಡ ಹತ್ತಿದಾಗ ಒಬ್ಬರಿಗೂ ಆಗಲಿಲ್ಲ.

ನನ್ನ ಸೋದರಮಾವ ಕುರಿ ಕಾಯುವವನು, ಬೀರಪ್ಪ ದೇವರ ಒಕ್ಕಲು. ಗುಡ್ಡದ ಬಂಡೆಗಳ ನಡುವೆ ತೋಳ ಬಂದರೆ ಕೆಳಗಿದ್ದವರಿಗೆ ಕಾಣುತ್ತಿರಲಿಲ್ಲ. ಮಾವ ಹುಡೇದ ಮೇಲೆ ಕೂತು ನೋಡುತ್ತಿದ್ದ. ಅವನ ಹೆಂಡತಿ, ನನ್ನ ಅತ್ತಿ, ಕೆಳಗೆ ಹಿಂಡಿನ ಜೊತೆ ಇರುತ್ತಿದ್ದಳು. ಅವಳಿಗೆ ಕಂಬಳಿ ಬೀಸಿ ತೋಳ ಯಾವ ಕಡೆಯೆಂದು ತೋರಿಸುತ್ತಿದ್ದ. ಅವನು ಮನೆ ಕಟ್ಟುವಾಗಲೂ ಜನ ಕಲ್ಲು ತಾ ಎಂದರು.

“ನಾನ ಅದರ ಮ್ಯಾಲ ಕುಂದ್ರಾಂವ. ಕಾಲ ಬುಡಕಿನ ಕಲ್ಲು ಕಿತ್ತರ ಎಲ್ಲಿ ನಿಂದರಲಿ?” ಎಂದ ಮಾವ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಕಟ್ಟೆಯ ಮೇಲೆ ನಕ್ಕರು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಹುಡೇದ ಗೋಡೆ ಒಂದು ಕಡೆ ಉಬ್ಬಿ ನಿಂತಿತ್ತು. ಇನ್ನು ಕಲ್ಲು ಕೀಳುವುದು ಬೇಡವೆಂದು ಮಾವ ಊರ ಹಿರಿಯರಿಗೆ ಕೈ ಮುಗಿದ. “ಒಂದು ಕಲ್ಲಿಗೆ ಹುಡೇ ಬೀಳತೈತೇನಲೇ?” ಎಂದರು ಅವರು. ಆ ವಾರವೇ ಇನ್ನೊಂದು ಮನೆಗೆ ಕಲ್ಲು ಹೋಯಿತು.

“ಹತ್ತಬ್ಯಾಡ್ರಿ, ಹೋದರ ಒಂದು ಮರಿ ಹೋಗಲಿ,” ಎಂದು ಅತ್ತಿ ಬೇಡಿಕೊಂಡಳು. ಆದರೆ ಮರಿಗಳು ಬೆನ್ನುಬೆನ್ನಿಗೆ ತೋಳನ ಬಾಯಿಗೆ ಹೋಗಿದ್ದವು. ಅವನು ಹತ್ತುವುದನ್ನು ಬಿಡಲಿಲ್ಲ. ದೊಡ್ಡ ಮಳೆ ಬಂದು ಹೋದ ಮರುದಿನ, ಹಾಡುಹಗಲು, ಅವನು ಕಂಬಳಿ ಬೀಸಲು ಎದ್ದು ನಿಂತದ್ದನ್ನು ಅತ್ತಿ ಕೆಳಗಿನಿಂದ ನೋಡಿದಳು. ತೋಳ ಯಾವ ಕಡೆಯೆಂದು ತಿಳಿಯುವ ಮೊದಲೇ ಹುಡೇ ಅವನ ಸಮೇತ ಕುಸಿಯಿತು. ಜನ ಓಡಿ ಬಂದು ಕಲ್ಲು ಸರಿಸುವಷ್ಟರಲ್ಲಿ ಜೀವ ಹೋಗಿತ್ತು.

ಊರೆಲ್ಲ ಅತ್ತಿತು. ತಪ್ಪು ಮಾತ್ರ ಯಾರದೂ ಅಲ್ಲ, ಪ್ರತಿ ಮನೆಯಲ್ಲಿ ಇದ್ದದ್ದು ಒಂದೇ ಕಲ್ಲು ನೋಡಿ! ಅವನ ಹಣೆಬರಹ ಎಂದರು. ಆ ಮಾತು ನೆನಪಾದರೆ ಇಂದಿಗೂ ನನಗೆ ಮೈ ಉರಿಯುತ್ತದೆ.

ತಿಂಗಳು ತುಂಬುವ ಮೊದಲೇ, ಮತ್ತೊಂದು ಮಳೆ ಬಿದ್ದು ಹೋದ ಮೇಲೆ, ಗುಡ್ಡಕ್ಕೆ ಎತ್ತಿನ ಚಕ್ಕಡಿಗಳು ಹೋದವು. ಬಿದ್ದ ಕಲ್ಲಿಗೆ ಒಂದೇ ಎಂಬ ಕಟ್ಟಳೆ ಇಲ್ಲವಂತೆ. ಹೇರಿಕೊಂಡು ಇಳಿಯುತ್ತಿದ್ದ ಚಕ್ಕಡಿಗೆ ಅತ್ತಿ ಅಡ್ಡ ನಿಂತಳು. ನಾನು ಅವಳ ಪಕ್ಕದಲ್ಲಿದ್ದೆ. ಚಕ್ಕಡಿ ಹೊಡೆಯುತ್ತಿದ್ದವನು ಮಾವನ ಹೆಣಕ್ಕೆ ಹೆಗಲು ಕೊಟ್ಟವನೇ.

“ಬಾಜೂಕ ಸರಿಯವಾ. ಬಿದ್ದ ಕಲ್ಲು, ಇನ್ನ ಯಾರ ಮ್ಯಾಲೂ ಬೀಳೂದಿಲ್ಲ,” ಎಂದ.

ಅತ್ತಿ ಚಕ್ಕಡಿಯೊಳಗೆ ಇಣುಕಿ ನೋಡಿದಳು. “ಅವರ ರಕ್ತ ಹತ್ತಿದ್ದು ಯಾರ ಮನಿಗೆ ಒಯ್ತೀಯೋ ಅಣ್ಣಾ?”

“ಮಳ್ಯಾಗ ತೊಳದು ಹೋಗೇತಿ ಬಿಡವಾ,” ಎಂದು ಅವನು ಎತ್ತುಗಳನ್ನು ಹೊಡೆದ.